ಒಪ್ಪಂದ ಮುಗಿಯುವವರೆಗೆ

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕೋಚಮ್ಮ ಎಂದೇ ಕರೆಯುತ್ತಿದ್ದರು. ಹುಡುಗಿಯರ ವಾಲಿಬಾಲ್ ತಂಡಕ್ಕೆ ತರಬೇತಿ ಕೊಡುವುದು ಅವಳ ಕೆಲಸ. ಮೈದಾನದಲ್ಲಿ ಅವಳು ಗದರಿದರೆ ಗ್ರಂಥಾಲಯದಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚಿ ನೆಟ್ಟಗೆ ಕೂರುತ್ತಿದ್ದರು. ಸೋಲೆಂದರೆ ಅವಳಿಗೆ ಆಗದು. ತಂಡ ಸೋತ ದಿನ ಮನೆಯಲ್ಲಿ ಪಾತ್ರೆಗಳ ಸದ್ದೇ ಬೇರೆ ಎಂದು ಬಸ್ ಡ್ರೈವರ್ ಗಂಡ ನಗೆಯಾಡುತ್ತಿದ್ದ.

ಅಂಥವಳನ್ನು ಕಾಲೇಜು ಒಪ್ಪಂದದ ಅವಧಿ ಇನ್ನೂ ಬಾಕಿ ಇರುವಾಗಲೇ ಕೆಲಸದಿಂದ ತೆಗೆದುಹಾಕಿತು. ಕೊಟ್ಟ ಕಾರಣ ಸುಳ್ಳೇನಲ್ಲ. ಗಾಯಗೊಂಡವರನ್ನು ವೈದ್ಯರ ಒಪ್ಪಿಗೆ ಇಲ್ಲದೆ ಆಡಿಸಬಾರದೆಂಬ ನಿಯಮವಿತ್ತು. ಫೈನಲ್ ಪಂದ್ಯದ ದಿನ, ಮಂಡಿ ಊದಿಕೊಂಡಿದ್ದ ಹುಡುಗಿಯೊಬ್ಬಳಿಗೆ ಬಿಗಿಯಾಗಿ ಪಟ್ಟಿ ಸುತ್ತಿ ಅವಳು ಅಂಕಣಕ್ಕೆ ಇಳಿಸಿದ್ದಳು. ತಂಡದಲ್ಲೆಲ್ಲ ಎತ್ತರದವಳಾದ ಆ ಹುಡುಗಿಗೆ ಗೆಳತಿಯರು ಜಿರಾಫೆ ಎಂದು ಹೆಸರಿಟ್ಟಿದ್ದರು. ಕೊನೆಯ ಪಾಯಿಂಟಿಗೆ ಜಿಗಿದು ಚೆಂಡನ್ನು ಆಚೆ ಬಡಿದ ಜಿರಾಫೆ, ನೆಲಕ್ಕೆ ಬಿದ್ದವಳು ಮತ್ತೆ ಏಳಲಿಲ್ಲ. ಕಪ್ ಬಂತು, ಮಂಡಿ ಹೋಯಿತು. ಆಪರೇಷನ್ ಆದ ಮೇಲೂ ಆ ಕಾಲು ಪೂರ್ತಿ ಮಡಚಲು ಬರಲಿಲ್ಲ.

ಹುಡುಗಿಯ ತಾಯಿ ದೂರು ಕೊಟ್ಟಾಗ ಪ್ರಿನ್ಸಿಪಾಲರು ತಮಗೇನೂ ಗೊತ್ತಿರಲಿಲ್ಲ ಎಂದು ಜಾರಿಕೊಂಡರು. ಕೋಚಮ್ಮನ ಮೈ ಉರಿದದ್ದು ಇದಕ್ಕೇ. ಪಂದ್ಯಕ್ಕೆ ಮೊದಲು ಆಟಗಾರ್ತಿಯರ ಕೋಣೆಯ ಬಾಗಿಲಲ್ಲಿ ನಿಂತು, "ಏನಾದ್ರೂ ಮಾಡಿ, ಆ ಎತ್ತರದ ಹುಡುಗಿ ಆಡ್ಲೇಬೇಕು" ಎಂದಿದ್ದವರು ಅವರೇ. ಆಗ ಒಳಗಿದ್ದವರು ಕೋಚಮ್ಮ ಮತ್ತು ಜಿರಾಫೆ ಇಬ್ಬರೇ.

ಅವಳು ಕಾಲೇಜಿನ ಮೇಲೆ ಕೇಸು ಹಾಕಿದಳು.

"ನಿಯಮ ಮುರಿದ್ರೆ ತೆಗೀಬಹುದು ಅಂತ ಒಪ್ಪಂದದಲ್ಲೇ ಇದೆ ಮೇಡಂ," ಎಂದ ವಕೀಲ. "ಮುರಿಯೋಕೆ ಹೇಳಿದ್ದೇ ಪ್ರಿನ್ಸಿಪಾಲ್ರು ಅಂತಾದ್ರೆ ಕಥೆ ಬೇರೆ. ಅದನ್ನ ಆ ಹುಡುಗಿ ಬಂದು ಹೇಳ್ಬೇಕು. ಆಡ್ತೀನಿ ಅಂತ ತಾನೇ ಹಟ ಹಿಡಿದೆ ಅಂತ್ಲೂ ಸೇರಿಸಿದ್ರೆ ಕೇಸು ನಮ್ದೇ."

"ಅವಳು ಹಟ ಹಿಡೀಲಿಲ್ಲ."

"ಮತ್ತೆ? ಬೇಡ ಅಂದಿದ್ಳಾ?"

ಕೋಚಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಇವತ್ತು ಆಗಲ್ಲ ಅನ್ಸುತ್ತೆ ಎಂದು ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದಳು. "ಅಳೋದಾದ್ರೆ ಕಪ್ ಹಿಡ್ಕೊಂಡು ಅಳು" ಎಂದು ಕೋಚಮ್ಮ ಪಟ್ಟಿಯನ್ನು ಇನ್ನೊಂದು ಸುತ್ತು ಎಳೆದಿದ್ದಳು.

ಜಿರಾಫೆಯ ತಾಯಿಯದು ಇಸ್ತ್ರಿ ಅಂಗಡಿ. ಕೋಚಮ್ಮ ಹೋದಾಗ ತಾಯಿ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ಮಗಳು ಎತ್ತರದ ಸ್ಟೂಲಿನ ಮೇಲೆ ಕುಳಿತು, ಒಂದು ಕಾಲನ್ನು ಕೋಲಿನಂತೆ ಮುಂದಕ್ಕೆ ಚಾಚಿ ಯಾರದೋ ಶರಟು ಉಜ್ಜುತ್ತಿದ್ದಳು. ಏಳಲು ಹೊರಟವಳನ್ನು ಕೋಚಮ್ಮ ತಡೆದಳು. ಬಂದ ವಿಷಯವನ್ನು ಶರಟಿನ ಮೇಲೆ ಕಣ್ಣಿಟ್ಟೇ ಹೇಳಿದಳು.

"ನಾನೇ ಆಡ್ತೀನಿ ಅಂದೆ ಅಂತ ಹೇಳ್ಬೇಕಾ ಮೇಡಂ?"

"ನಿಂಗೆ ಕಷ್ಟ ಆದ್ರೆ ಬೇಡ ಕಣೇ."

ಹುಡುಗಿ ಶರಟಿನ ಕಾಲರ್ ತಿರುವಿ ಹಾಕಿದಳು. "ಹೇಳ್ತೀನಿ ಬಿಡಿ. ಅವತ್ತೂ ನೀವು ಹೇಳಿದ್ದನ್ನೇ ತಾನೇ ಮಾಡಿದ್ದು."

ಅದರಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಕೋಚಮ್ಮನಿಗೆ ತಡೆಯಲಾಗಲಿಲ್ಲ. ಬರಲೇಬೇಡ ಎನ್ನಬೇಕೆಂದು ಬಾಯಿ ತೆರೆದಳು. ಬಾಯಿಂದ ಬಂದದ್ದು, "ಆಟೋ ಕಳಿಸ್ತೀನಿ" ಎಂಬ ಮಾತು.

ವಿಚಾರಣೆ ನಡೆದದ್ದು ಶಾಲಾ ತರಗತಿಯಂಥ ಒಂದು ಸಣ್ಣ ಕೋಣೆಯಲ್ಲಿ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಏನೆಂದರೆಂಬುದನ್ನು ಹುಡುಗಿ ತಡವರಿಸದೆ ಹೇಳಿದಳು. ಪ್ರಿನ್ಸಿಪಾಲರು ನೆನಪಿಲ್ಲವೆಂದು ಬೆವರು ಒರೆಸಿಕೊಂಡರು. ಕಾಲೇಜಿನ ವಕೀಲ ಎದ್ದ.

"ಕೋಚ್ ನಿಮ್ಮನ್ನ ಬಲವಂತ ಮಾಡ್ಲಿಲ್ವಾ?"

"ಇಲ್ಲ. ನಾನೇ ಹಟ ಮಾಡ್ದೆ."

ಎದ್ದು ನಿಂತು ಸುಳ್ಳು ಎಂದು ಕೂಗಿದರೆ ಆಗುತ್ತಿತ್ತು. ಇಡೀ ಮೈದಾನ ನಡುಗಿಸುತ್ತಿದ್ದ ಕೋಚಮ್ಮ ಕುರ್ಚಿಯ ಕೈ ಹಿಡಿದು ಕುಳಿತೇ ಇದ್ದಳು. ಹುಡುಗಿ ಊರುಗೋಲು ಎತ್ತಿಕೊಂಡು ಅವಳ ಮುಂದೆಯೇ ಹಾದು ಹೋದಳು, ನೋಡಲಿಲ್ಲ.

ತೀರ್ಪು ಅವಳ ಪರವಾಗಿಯೇ ಬಂತು. ತೆಗೆದುಹಾಕಿದ್ದು ತಪ್ಪು, ಒಪ್ಪಂದ ಮುಗಿಯುವವರೆಗೆ ಅವಳೇ ಕೋಚ್ ಎಂದಾಯಿತು. ಗಂಡ ಡಿಪೋದಿಂದಲೇ ಫೋನು ಮಾಡಿ ಮಗುವಿನಂತೆ ಕೂಗಾಡಿದ. ಅವಳು ಹ್ಞೂಂ ಎಂದು ಫೋನಿಟ್ಟು ಸೀದಾ ಇಸ್ತ್ರಿ ಅಂಗಡಿಗೆ ನಡೆದಳು.

ಈ ಸಲ ತಾಯಿ ಇದ್ದಳು. ತಲೆಯೆತ್ತಿ ನೋಡಿ, ಮತ್ತೆ ಬಟ್ಟೆಗೆ ನೀರು ಚಿಮುಕಿಸಿದಳು.

"ಗೆದ್ರಂತಲ್ಲ."

"ನಾನು..."

"'ಬೇಡ ಅಂದೆ ಅಮ್ಮ, ಮೇಡಂ ಕೇಳ್ಲಿಲ್ಲ' ಅಂತ ಮಗಳು ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ಳು. ಅದನ್ನೇ ನಾನು ಕಾಲೇಜಿಗೆ ಹೇಳಿದ್ದು. ಈಗ ನಾನೇ ಸುಳ್ಳಿ ಆದೆ. ಬೀದಿಯವರೆಲ್ಲ ದುಡ್ಡಿನಾಸೆಗೆ ದೂರು ಕೊಟ್ಟೆ ಅಂತಾರೆ."

"ಮಗಳು ಇದ್ದಾಳಾ?"

"ಒಳಗಿದ್ದಾಳೆ. ಕರೆಯಲ್ಲ."

ಕೋಚಮ್ಮ ಅಲ್ಲೇ ನಿಂತಳು. ಯಾರೋ ಬಟ್ಟೆಯ ಗಂಟು ತಂದು, ಸ್ವಲ್ಪ ಸರ್ಕೊಳ್ಳಿ ಎಂದರು. ಅವಳು ಸರಿದಳು.

ಮಾರನೆಯ ದಿನ ಕೆಲಸಕ್ಕೆ ಹೋದಳು. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಎದುರಾದರೆ ಇಬ್ಬರೂ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಹುಡುಗಿಯರು ಹೇಳಿದಷ್ಟು ಓಡಿದರು, ಹೇಳಿದಷ್ಟು ಜಿಗಿದರು, ಬಿಡುವಾದಾಗ ಅವಳಿಂದ ದೂರ ಹೋಗಿ ಕೂತರು. ಒಪ್ಪಂದ ಮುಗಿದಾಗ ಮುಂದುವರಿಯುತ್ತೀರಾ ಎಂದು ಕಾಲೇಜು ಕೇಳಲಿಲ್ಲ, ಅವಳೂ ಕೇಳಲಿಲ್ಲ.

ಅಷ್ಟರಲ್ಲಿ ತಾಯಿ ಮಗಳು ಅಂಗಡಿ ಖಾಲಿ ಮಾಡಿ ಬೇರೆ ಕಡೆ ಹೋಗಿದ್ದರು. ಎಲ್ಲಿಗೆ ಎಂದು ಪಕ್ಕದ ಅಂಗಡಿಯವನಿಗೆ ಗೊತ್ತಿತ್ತು. ಅವಳು ವಿಚಾರಿಸಲಿಲ್ಲ.