ಮುರಿಗೆವ್ವನ ಹಿತ್ತಲು, ಮೈದುನನ ಸುಣ್ಣದ ಗೆರೆ

ಮುಗದ ಊರಿನ ಮುರಿಗೆವ್ವನ ಮುತ್ತಜ್ಜ ಗುರುಶಾಂತ, ಕೆರೆಯ ಒಡ್ಡು ಒಡೆದಾಗ ತನ್ನ ಹತ್ತಿಯ ಅಂಡಿಗೆಗಳನ್ನೇ ಒಟ್ಟಿ ನೀರು ನಿಲ್ಲಿಸಿದವನು. ಅಜ್ಜ ಚನವೀರ, ತೂಕದಲ್ಲಿ ಮೋಸ ಮಾಡಿದ ದಲಾಲಿಯನ್ನು ಧಾರವಾಡದ ಪೇಟೆಯಲ್ಲಿ ಅವನದೇ ತಕ್ಕಡಿಯಲ್ಲಿ ಕೂಡ್ರಿಸಿ ತೂಗಿದವನು. ಉಪಕಾರವಿರಲಿ, ಅಪಕಾರವಿರಲಿ, ತೀರಿಸದೆ ಬಿಟ್ಟ ಮನೆತನವಲ್ಲ ಅದು.

ಹುಟ್ಟಿದ ಊರಿಗೇ ಸೊಸೆಯಾದ ಮುರಿಗೆವ್ವನ ಗಂಡ ತೀರಿದ ವರ್ಷವೇ ಮೈದುನ ಶಿವಯೋಗೀಶ ಮುಳ್ಳುಬೇಲಿ ಸರಿಸಿ, ನುಗ್ಗೆಮರ ಸಮೇತ ಅವಳ ಅರ್ಧ ಹಿತ್ತಲು ನುಂಗಿದ. "ಒಂಟಿ ಹೆಂಗಸಿಗೆ ಇಷ್ಟ ಜಾಗಾ ಯಾಕ?" ಎಂದು ಕಟ್ಟೆಯ ಮೇಲೆ ಕೂತು ನಕ್ಕ. ಅವಳು ಬೂದಿ ಮುಚ್ಚಿದ ಕೆಂಡವಾದಳು.

ಈಚೆಗೆ ಡ್ರೋನ್ ಸರ್ವೇ ಬಂತು. ತಂತಮ್ಮ ಜಾಗದ ಸುತ್ತ ಸುಣ್ಣದ ಗೆರೆ ಎಳೆಯಬೇಕು, ಡ್ರೋನ್ ಮೇಲಿನಿಂದ ಫೋಟೋ ಹೊಡೆಯುತ್ತದೆ, ನಕಾಶೆ ಬಂದ ಮೇಲೆ ತಕರಾರು ಕೇಳುತ್ತಾರೆ ಎಂದು ಪಂಚಾಯಿತಿಯವರು ಸಾರಿದರು.

ಶಿವಯೋಗೀಶ ಕದ್ದ ಬೇಲಿಯ ಗುಂಟ ಸುಣ್ಣ ಚೆಲ್ಲುತ್ತ ಬಂದ. ಮುರಿಗೆವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಇಷ್ಟ ಏನ ಶಿವಯೋಗಿ? ಹಿಂದಿನ ದನದ ದಾರೀನೂ ನಮ್ಮ ಹಿರೇರ್ದು ಅಂತಿದ್ದೆಲ್ಲ. ಬರೇ ಬಾಯಿಲೆ ಅಂದಿದ್ದೇನು?"

"ಖರೇನ ಅಂದೇನಿ ವೈನಿ. ಯಾರಪ್ಪಗ ಅಂಜಲಿ?" ಎನ್ನುತ್ತ ಅವನು ಕೆರೆಗೆ ದನ ಹೋಗುವ ದಾರಿಯನ್ನೂ ಗೆರೆಯೊಳಗೆ ಎಳೆದುಕೊಂಡ.

ಡ್ರೋನ್ ಹಾರಿಸಲು ಹುಬ್ಬಳ್ಳಿಯಿಂದ ಬಂದ ಅಯಾಜ ಕೇಳಿದ: "ಅಮ್ಮಾರ, ಈ ಗೆರಿ ನಿಮಗ ಒಪ್ಪಿಗಿ ಐತೇನ್ರಿ?"

"ಅಂವಾ ಎಳದಾನ, ನೀ ಹಾರಸಪ್ಪ."

ನಕಾಶೆ ಪಂಚಾಯಿತಿಯ ಗೋಡೆಗೆ ಬಿತ್ತು. ದಾರಿ ಹೋದದ್ದನ್ನು ಕಂಡು ದನ ಕಟ್ಟಿದವರೆಲ್ಲ ಎದ್ದರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಮುರಿಗೆವ್ವ ಎಲ್ಲರ ಹಿಂದೆ ನಿಂತು ತನ್ನ ತಕರಾರನ್ನೂ ಹೇಳಿದಳು. ಒಂದು ಗೆರೆ ಸುಳ್ಳೆಂದು ತಿಳಿದ ಅಧಿಕಾರಿಗಳು ಅವನ ಇನ್ನೊಂದನ್ನೂ ನಂಬಲಿಲ್ಲ. ಅಣ್ಣತಮ್ಮಂದಿರು ಪಾಲು ಹಂಚಿಕೊಂಡ ಹಳೆಯ ವಾಟ್ನಿ ಪತ್ರದಂತೆ ಅಳೆದು, ಬೇಲಿ ಕೀಳೆಂದರು.

ಊರು ನೋಡುತ್ತಿರಲು ಶಿವಯೋಗೀಶ ಒಬ್ಬನೇ ಮುಳ್ಳು ಕಿತ್ತ. ಅಂಗೈಯಲ್ಲಿ ರಕ್ತ ಜಿನುಗಿತು. ಮುರಿಗೆವ್ವ ನುಗ್ಗೆಮರದ ಬುಡದಲ್ಲಿ ಕೂತು, ಕಣ್ಣು ತುಂಬ ನೋಡಿದಳು. ಕಡೆಗೆ ಅವನೇ ತಲೆ ತಗ್ಗಿಸಿ ಬಂದ.

"ಆದದ್ದಾತು ವೈನಿ. ನಿಮ್ಮ ಹೊಸಾ ಬೇಲಿ ನಾನ ಹಾಕಿ ಕೊಡತೇನ್ರಿ."

"ಬ್ಯಾಡಪ್ಪ. ನೀ ಹಾಕಿದ ಬೇಲಿಗೆ ನಡಿಯೂ ಚಟಾ ಐತಿ. ನನ್ನ ಬೇಲಿ ನಾನ ಹಾಕ್ಕೋತೇನಿ, ನೀ ನಿನ್ನ ಮುಳ್ಳ ಹೊತ್ಕೊಂಡ ನಡಿ."