ಅರಂಕಾ ಮಗಳ ಅಂಗಡಿಗೆ ಹೋದದ್ದು

ಅರಂಕಾ ಹುಟ್ಟಿದಾಗ ತಾಯಿ ಯೊಲಾನಾ ಕೂಸಿನ ಕಪ್ಪು ಮುಖ ನೋಡಿದವಳೇ ಗೋಡೆ ಕಡೆ ತಿರುಗಿ ಮಲಗಿದಳಂತೆ. ಕೊಶಿತ್ಸೆ ಪಟ್ಟಣದ ಅಂಚಿನಲ್ಲಿ, ಜಿಪ್ಸಿಗಳೆಂದು ಜನ ಹೀಗಳೆಯುವ ರೋಮಾ ಜನರ ಕೇರಿಯಲ್ಲಿ, ಬಿಳಿಯರ ಕಣ್ಣಿಗೆ ಎಲ್ಲರೂ ಕಪ್ಪೇ. ಆದರೆ ಕೇರಿಯೊಳಗೆ ಕಪ್ಪಿನಲ್ಲೂ ಮೇಲುಕೀಳು. "ಬಿಸಿಲಿಗೆ ಹೋಗ್ಬೇಡ ಕಣೇ, ಇನ್ನೇನು ಸುಡೋಕೆ ಉಳಿದಿದೆ?" ಎಂದು ಹೆತ್ತ ತಾಯಿಯೇ ನಗುತ್ತಿದ್ದಳು.

ಹಾಗಾಗಿ ತನಗೆ ಹಾಲುಬಣ್ಣದ ಮಗಳು ರೆನಾಟಾ ಹುಟ್ಟಿದಾಗ ಅರಂಕಾಗೆ ಸ್ವರ್ಗಕ್ಕೆ ಮೂರೇ ಗೇಣು. ಬಿಳಿಯರ ಶಾಲೆಗೆ ಸೇರಿಸಿದ ದಿನ ಮಗಳ ಕಿವಿಯಲ್ಲಿ, "ನಾನ್ಯಾರು ಅಂತ ಕೇಳಿದ್ರೆ ಮನೆಕೆಲಸದವಳು ಅನ್ನು" ಎಂದು ಹೇಳಿಕೊಟ್ಟವಳು ಅವಳೇ.

ಮಗಳು ಆ ಪಾಠವನ್ನು ಚೆನ್ನಾಗಿಯೇ ಕಲಿತಳು. ದೊಡ್ಡವಳಾಗಿ ಪಟ್ಟಣದ ಅತ್ತರಿನ ಅಂಗಡಿಯಲ್ಲಿ ಕೆಲಸ ಹಿಡಿದಳು. ಅವಳು ರೋಮಾ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಮಗಳು ಲಿಯಾನಾ ಮಾತ್ರ ಅಜ್ಜಿಯ ಬಣ್ಣ ಹೊತ್ತು ಹುಟ್ಟಿದಳು, ಅಜ್ಜಿಯ ಮನೆಯಲ್ಲೇ ಬೆಳೆದಳು. ತಾಯಿ ಬರುತ್ತಿದ್ದುದು ಭಾನುವಾರ ಮಾತ್ರ.

ಎಂಟು ತುಂಬಿದ ವರ್ಷ ಲಿಯಾನಾ ಹಟ ಹಿಡಿದಳು. "ಇವತ್ತು ಅಮ್ಮನ ಹುಟ್ಟುಹಬ್ಬ. ಅಂಗಡಿಗೇ ಹೋಗೋಣ ಅಜ್ಜಿ."

"ಅಲ್ಲಿಗೆ ಬೇಡ ಪುಟ್ಟಿ."

"ಯಾಕೆ, ನಮ್ಮನ್ನ ಬಚ್ಚಿಟ್ಟಿದಾಳಾ?"

ಅರಂಕಾ ಎದ್ದು ಚಪ್ಪಲಿ ಮೆಟ್ಟಿದಳು. ಇಬ್ಬರೂ ಬಸ್ಸು ಹತ್ತಿದರು.

ಅಂಗಡಿಯ ಕಾವಲುಗಾರ ಬಾಗಿಲಿನಿಂದಲೇ ಅವರ ಬೆನ್ನು ಹತ್ತಿದ. ಗೆಳತಿಯರ ನಡುವೆ ನಿಂತಿದ್ದ ರೆನಾಟಾಳ ಮುಖ ಬಿಳುಚಿತು. "ಏನು ಬೇಕಾಗಿತ್ತಮ್ಮಾ?" ಎಂದಳು, ಯಾರೋ ಗಿರಾಕಿಯನ್ನು ಕೇಳುವಂತೆ.

ಲಿಯಾನಾ ಬಾಯಿ ತೆರೆದಳು. ತಾಯಿಯ ಕಣ್ಣು ನೋಡಿದಳು. ಅಮ್ಮನಿಗೆಂದು ಮಾಡಿ ತಂದಿದ್ದ ಬಣ್ಣದ ಕಾಗದದ ಹೂವನ್ನು ಬೆನ್ನ ಹಿಂದೆ ಸರಿಸಿ, "ಏನಿಲ್ಲ, ಸುಮ್ನೆ ನೋಡ್ತಿದ್ವಿ" ಎಂದಳು.

ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅರಂಕಾ ಅವಳ ಕೈ ಹಿಡಿದು ಹೊರಗೆ ನಡೆದಳು.

ಸಂಜೆ ರೆನಾಟಾ ಧಾವಿಸಿ ಬಂದಳು. "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದ್ಯಾ?"

"ನಿನ್ನ ಬೈಯಲ್ಲ ಮಗಳೇ, ಕಲಿಸಿದವಳು ನಾನು," ಎಂದಳು ಅರಂಕಾ. "ಇವಳು ಮಾತ್ರ ಯಾರೂ ಕಲಿಸದೇನೇ ಕಲಿತುಬಿಟ್ಲು."

ರೆನಾಟಾ ಅತ್ತಳು. ಆದರೂ ಮರುದಿನ ಅದೇ ಕೆಲಸಕ್ಕೆ ಹೋದಳು. ಹೋಗದೆ ಏನು ಮಾಡಿಯಾಳು?

ಅರಂಕಾ ಮೊಮ್ಮಗಳ ತಲೆ ಬಾಚುತ್ತಾ, "ನಿಂದು ನಮ್ಮಪ್ಪನ ಬಣ್ಣ. ಇಟ್ಟಿಗೆ ಸುಡ್ತಿದ್ದ. ತುಂಬಾ ಚೆಲುವ," ಎಂದಳು. ಅರವತ್ತು ವರ್ಷದಲ್ಲಿ ಆ ಬಣ್ಣವನ್ನು ಅವಳು ಚೆಲುವು ಎಂದದ್ದು ಅದೇ ಮೊದಲು. ನಾಲಿಗೆ ತೊಡರಿತು.

"ನಿಜವಾಗ್ಲೂ?"

"ನಿಜ," ಎಂದಳು ಅರಂಕಾ. ಮಗು ನಂಬಿತೋ ಇಲ್ಲವೋ ತಿಳಿಯದು. ಅರಂಕಾಗೇ ಇನ್ನೂ ಅರ್ಧವೇ ನಂಬಿಕೆ.