ಟೀವಿಯಲ್ಲಿ ಮೂಡುತ್ತಿದ್ದ ಓರೆ ಗೆರೆಗಳು

ನಮ್ಮ ಕಾಪುವಿನ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕಲು ಕಟ್ಟಿರುವುದು ಹಗ್ಗವಲ್ಲ, ಟೀವಿ ಆಂಟೆನಾದ ಹಳೆಯ ಚಪ್ಪಟೆ ವಯರು. ಅದರ ಒಂದು ತುದಿ ನಮ್ಮ ಬಚ್ಚಲಿನ ಪಕ್ಕದ ಕಂಬಕ್ಕಿದೆ, ಇನ್ನೊಂದು ತುದಿ ನಡುವಿನ ಪಾಗಾರದ ಗೋಡೆ ದಾಟಿ ಚಿಕ್ಕಪ್ಪನ ಹಿತ್ತಲಿನ ತೆಂಗಿನ ಮರವನ್ನು ಹತ್ತಿದೆ. ಕಡಲಿನ ಉಪ್ಪುಗಾಳಿಗೆ ಒಳಗಿನ ತಂತಿ ಹಸಿರುಗಟ್ಟಿ, ಹೊರಗಿನ ಪ್ಲಾಸ್ಟಿಕ್ಕು ಬಿರುಕು ಬಿಟ್ಟು, ಈಗ ಒದ್ದೆ ಸೀರೆಯೊಂದರ ಭಾರವನ್ನೂ ಅದು ಒಲ್ಲದ ಮನಸ್ಸಿನಿಂದಲೇ ಹೊರುತ್ತದೆ. ಬೇರೆ ಹಗ್ಗ ಕಟ್ಟಬಹುದಲ್ಲ ಎಂದು ನೀವು ಕೇಳಬಹುದು. ಕಟ್ಟಬಹುದು, ಆದರೆ ನನಗೆ ಮನಸ್ಸು ಬರುವುದಿಲ್ಲ.

ಅಪ್ಪ ಟೀವಿ ತಂದದ್ದು ಎಂಬತ್ತರ ದಶಕದಲ್ಲಿ, ಊರಿಗೆ ಊರೇ ಹೆಂಚಿನ ಮಾಡಿನ ಮೇಲೆ ಅಲ್ಯೂಮಿನಿಯಂ ಕೊಂಬು ಮೂಡಿಸಿಕೊಳ್ಳುತ್ತಿದ್ದ ಕಾಲದಲ್ಲಿ. ದುಬಾಯಿಯಿಂದ ರಜೆಗೆ ಬಂದಿದ್ದ ನೆರೆಯ ಹಮೀದಣ್ಣ ಹೊತ್ತು ತಂದ ಪೆಟ್ಟಿಗೆ ಅದು. ಆದರೆ ಟೀವಿ ಬಂದರಾಯಿತೇ, ಚಿತ್ರ ಬರಬೇಡವೇ? ನಮ್ಮ ಮನೆ ತಗ್ಗಿನಲ್ಲಿತ್ತು. ಆಂಟೆನಾ ಕಟ್ಟುವಷ್ಟು ಎತ್ತರದ ಮರವೆಂದರೆ ಒಂದೇ ತೆಂಗು, ಅದು ಪಾಲಿನಲ್ಲಿ ಚಿಕ್ಕಪ್ಪನ ಕಡೆಗೆ ಹೋಗಿತ್ತು. ಆ ಚಿಕ್ಕಪ್ಪನಿಗೂ ಅಪ್ಪನಿಗೂ ಮಾತಿರಲಿಲ್ಲ.

ಮಾತು ನಿಂತ ಕಾರಣವನ್ನು ಹೇಳಿದರೆ ಹೊರಗಿನವರು ನಗುತ್ತಾರೆ, ನಮ್ಮ ಕಡೆಯವರು ಮಾತ್ರ ಸುಮ್ಮನೆ ತಲೆಯಾಡಿಸುತ್ತಾರೆ. ಕುಟುಂಬದ ದೈವದ ಕೋಲದಲ್ಲಿ ಮೊದಲ ಗಂಧಪ್ರಸಾದ ಮನೆಯ ಹಿರಿಯನಿಗೆ ಸಲ್ಲಬೇಕು. ಆ ವರ್ಷ ಅಪ್ಪ ಅಜೆಕಾರಿಗೆ ಹೋದವರು ಬಸ್ಸು ಸಿಗದೆ ತಡವಾದರು. ದೈವ ಕೈ ಚಾಚಿ ನಿಂತಿತ್ತು. ಕಾಯಿಸುವುದು ಸರಿಯಲ್ಲವೆಂದು ನಾಲ್ಕು ಜನ ಹೇಳಿದ್ದಕ್ಕೆ ಚಿಕ್ಕಪ್ಪ ಅಣ್ಣನ ಜಾಗದಲ್ಲಿ ನಿಂತು ಕೈಯೊಡ್ಡಿದರು. ಅದೇ ಗಳಿಗೆಯಲ್ಲಿ ಅಪ್ಪ ಅಂಗಳಕ್ಕೆ ಕಾಲಿಟ್ಟರು. ಯಾರೂ ಜಗಳವಾಡಲಿಲ್ಲ, ಆಡಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಆಮೇಲೆ ಪಾಲಾಯಿತು, ಪಾಗಾರವೆದ್ದಿತು, ಒಬ್ಬರ ಹೆಸರನ್ನು ಇನ್ನೊಬ್ಬರು ಬಾಯಿಂದ ತೆಗೆಯುವುದು ನಿಂತಿತು. ಅಪ್ಪನ ಬಾಯಲ್ಲಿ ತಮ್ಮ 'ಆಚೆ ಮನೆ' ಆದರು.

ಗಂಡಸರ ಮೌನದ ಅಡಿಯಲ್ಲಿ ಹೆಂಗಸರ ವ್ಯವಹಾರ ಯಾವಾಗಲೂ ನಡೆಯುತ್ತಿರುತ್ತದೆ. ಅಮ್ಮ ಒಂದು ಬುಟ್ಟಿ ಮಟ್ಟುಗುಳ್ಳ ಬದನೆಯನ್ನು ಪಾಗಾರದ ಮೇಲಿಟ್ಟು ಚಿಕ್ಕಮ್ಮನೊಡನೆ ಮಾತಾಡಿದಳು. ಮರ ಅವರದ್ದು, ಆಂಟೆನಾ ನಮ್ಮದು, ಚಿತ್ರ ಇಬ್ಬರದ್ದು ಎಂದು ತೀರ್ಮಾನವಾಯಿತು. ಚಿಕ್ಕಪ್ಪನೂ ಒಂದು ಸಣ್ಣ ಟೀವಿ ತಂದರು. ಮರದಿಂದಿಳಿದ ವಯರನ್ನು ಪಾಗಾರದ ಬಳಿ ಕವಲೊಡೆಸಿ, ಬರಿಗೈಯಲ್ಲಿ ತಿರುಚಿ, ಮೇಲೊಂದು ಕಪ್ಪು ಟೇಪು ಸುತ್ತಿ ಎರಡು ಮನೆಗೂ ಎಳೆದರು. ಅಣ್ಣತಮ್ಮಂದಿರ ನಡುವೆ ಉಳಿದಿದ್ದ ನಂಟು ಆ ಟೇಪಿನೊಳಗಿನ ಗಂಟು ಮಾತ್ರ.

ಹಾಗೆ ಕಟ್ಟಿದ ವಯರಿನಲ್ಲಿ ಒಂದು ದೋಷವಿತ್ತು. ಆಚೆ ಮನೆಯಲ್ಲಿ ಟೀವಿ ಹಚ್ಚಿದ ಕೂಡಲೇ ನಮ್ಮ ಟೀವಿಯ ಚಿತ್ರದ ಮೇಲೆ ಸಣ್ಣ ಓರೆ ಗೆರೆಗಳು ಮೂಡುತ್ತಿದ್ದವು. ವಾರ್ತೆ ಓದುವವಳ ಮುಖದ ಮೇಲೆ, ಮಂತ್ರಿಗಳ ಟೋಪಿಯ ಮೇಲೆ, ಕೆಲವು ಸಂಜೆ ಕರೆಯದೆ ಬರುತ್ತಿದ್ದ ಕಡಲಾಚೆಯ ಅರಬ್ಬೀ ಗಾಯಕನ ಗಡ್ಡದ ಮೇಲೆ, ಬೆತ್ತದ ಚಾಪೆಯ ಹೆಣಿಗೆಯಂತೆ ಅವು ಹಬ್ಬಿಕೊಳ್ಳುತ್ತಿದ್ದವು. ಅವರು ಆರಿಸಿದರೆ ಗೆರೆಗಳೂ ಹೋಗುತ್ತಿದ್ದವು.

ಗೆರೆ ಕಂಡೊಡನೆ ಅಪ್ಪ, "ಬಂತು ನೋಡು ಉಪದ್ರ" ಎನ್ನುತ್ತಿದ್ದರು. ದಿನಾ ಸಂಜೆ ವಾರ್ತೆಯ ಹೊತ್ತಿಗೆ, ಅದೇ ಮಾತು, ಅದೇ ದನಿ. ಹಾಗೆ ಅಂದ ಮೇಲೆಯೇ ಕುರ್ಚಿಗೆ ಬೆನ್ನು ಆನಿಸಿ, ಕಾಲು ನೀಡಿ, ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಗೆರೆ ಬರುವುದು ತಡವಾದ ದಿನ ಅವರು ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದುದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಅಷ್ಟೆ, ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಮನೆಯವರ ಗೊಣಗಾಟವನ್ನು ನಾವು ಗಡಿಯಾರದ ಸದ್ದಿನ ಹಾಗೆ ಕೇಳಿಯೂ ಕೇಳದೆ ಇರುತ್ತೇವೆ, ಅಥವಾ ಅದರ ಅಕ್ಷರಾರ್ಥವನ್ನು ಹಿಡಿದು ಪರಿಹಾರಕ್ಕೆ ಹೊರಡುತ್ತೇವೆ.

ಪರಿಹಾರಕ್ಕೆ ಹೊರಟವರು ನನ್ನ ಭಾವ. ಅಕ್ಕನನ್ನು ಕೊಟ್ಟದ್ದು ಕಾರ್ಕಳಕ್ಕೆ; ಭಾವನಿಗೆ ಅಲ್ಲಿ ರೇಡಿಯೋ ಅಂಗಡಿ. ತುಂಬ ಒಳ್ಳೆಯ ಮನುಷ್ಯ, ಯಾರ ಮನೆಗೆ ಹೋದರೂ ಕೆಟ್ಟದ್ದೊಂದನ್ನು ಹುಡುಕಿ ರಿಪೇರಿ ಮಾಡದೆ ಊಟಕ್ಕೆ ಕೂರುವವರಲ್ಲ. ದಶಕ ಮುಗಿಯುವ ಹೊತ್ತಿಗೆ, ಆಕಾಶದ ಉಪಗ್ರಹದಿಂದ ನೇರವಾಗಿ ಚಿತ್ರ ಹಿಡಿಯುವ ದೊಡ್ಡ ತಟ್ಟೆಯನ್ನು ಕೋಳಿಗೂಡಿನ ಬಲೆಯಿಂದಲೇ ಮಾಡಬಹುದೆಂದು ಎಲ್ಲೋ ಕಲಿತು ಬಂದು, ಅದನ್ನು ಮಾವನ ಅಂಗಳದಲ್ಲಿ ಮೂಡಿಸಿಯೇ ಬಿಟ್ಟರು. ಮರದ ಹಂಗು ತಪ್ಪಿತು. ತಟ್ಟೆ ನೋಡಲು ಕುಕ್ಕುಂದೂರಿನಿಂದ ಅಕ್ಕನ ನೆಂಟರೂ ಬಂದರು. ಅಮ್ಮ ಅದರ ನೆರಳಿನಲ್ಲಿ ಕೂತು ಹಲಸಿನ ಹಪ್ಪಳಕ್ಕೆ ಕಾಗೆ ಬಾರದಂತೆ ಕಾದಳು. ಹಳೆಯ ವಯರಿನ ಮರದ ಕಡೆಯ ತುದಿಯನ್ನು ಬಿಚ್ಚಲು ಆಚೆ ಹೋಗಬೇಕಾಗುತ್ತಿತ್ತು. ಹಾಗಾಗಿ ಈಚೆಯ ತುದಿಯನ್ನು ಕಂಬಕ್ಕೆ ಬಿಗಿದು ಬಟ್ಟೆ ಹಾಕತೊಡಗಿದಳು.

ಇಷ್ಟೆಲ್ಲ ನಡೆಯುವಾಗ ಅಪ್ಪ ಬಾಯಿಬಿಟ್ಟದ್ದು ಒಂದೇ ಸಲ. "ಆಚೆ ಮನೆಗೂ ಒಂದು ವಯರು ಹೋಗಲಿ" ಎಂದರು. ನಮಗೆಲ್ಲ ಆಶ್ಚರ್ಯವಾಯಿತು, ಅಮ್ಮ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಭಾವ ಉತ್ಸಾಹದಿಂದ ದುಂಡನೆಯ ದಪ್ಪ ವಯರನ್ನು ಪಾಗಾರದ ಮೇಲಿಂದ ಹಾಯಿಸಿ, ನಡುವೆ ಒಂದು ಹೊಸ ಪೆಟ್ಟಿಗೆ ಕೂರಿಸಿದರು.

ಅಂದು ಸಂಜೆ ಬಂದ ಚಿತ್ರವನ್ನು ಏನೆಂದು ಹೇಳಲಿ? ವಾರ್ತೆ ಓದುವವಳ ಕಿವಿಯ ಓಲೆಯ ಕಲ್ಲು ಕೂಡ ಕಾಣುತ್ತಿತ್ತು. ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ನಾವೆಲ್ಲ ಅಪ್ಪನ ಮುಖ ನೋಡಿದೆವು. ಅಪ್ಪ ಟೀವಿ ನೋಡುತ್ತಿದ್ದರು. ವಾರ್ತೆ ಮುಗಿಯುವವರೆಗೂ ಬೆನ್ನು ಕುರ್ಚಿಗೆ ತಾಗಲಿಲ್ಲ. ಕೊನೆಗೆ, "ಚಿತ್ರ ಸರಿಯಿಲ್ಲ" ಎಂದು ಎದ್ದರು.

ಆಮೇಲೆ ಭಾವ ಎಷ್ಟು ಸಲ ಕಾರ್ಕಳದಿಂದ ಬಸ್ಸು ಹತ್ತಿ ಬಂದರೋ. ತಟ್ಟೆಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುವುದು, "ಈಗ ಹೇಗುಂಟು ಮಾವ?" ಎಂದು ಅಂಗಳದಿಂದ ಕೇಳುವುದು. "ಅದಲ್ಲ" ಎಂದು ಅಪ್ಪ ಒಳಗಿನಿಂದ ಹೇಳುವುದು. ಎಂತ ಅಲ್ಲ ಎಂದು ಅವರು ಹೇಳಲಿಲ್ಲ. ವರ್ಷಗಟ್ಟಲೆ ಉಪದ್ರವೆಂದು ಬೈದದ್ದನ್ನು ಬೇಕೆಂದು ಕೇಳುವುದು ಅವರಿಂದ ಸಾಧ್ಯವಿರಲಿಲ್ಲ. ತಮ್ಮನ ಹೆಸರಿಲ್ಲದೆ ಅದನ್ನು ವಿವರಿಸಲೂ ಆಗುತ್ತಿರಲಿಲ್ಲ. ಕ್ರಮೇಣ ವಾರ್ತೆಯ ಹೊತ್ತಿಗೆ ಕಡಲ ಕಡೆ ನಡೆದುಹೋಗುವುದನ್ನು ರೂಢಿ ಮಾಡಿಕೊಂಡರು.

ಚಿಕ್ಕಪ್ಪ ಹಾಸಿಗೆ ಹಿಡಿದದ್ದು ನಮಗೆ ತಿಳಿದದ್ದು ಅವರನ್ನು ಮಣಿಪಾಲಕ್ಕೆ ಒಯ್ಯಲು ಕಾರು ಬಂದು ನಿಂತಾಗ. ತಿಂಗಳುಗಳಿಂದ ಎದೆನೋವಿತ್ತಂತೆ, ಈಚೆ ಮನೆಗೆ ಗೊತ್ತಾಗಬಾರದೆಂದು ಚಿಕ್ಕಮ್ಮನ ಬಾಯಿ ಕಟ್ಟಿದ್ದರಂತೆ. ಅಪ್ಪ ಚಪ್ಪಲಿ ಹುಡುಕುವಷ್ಟರಲ್ಲಿ ಕಾರು ಹೊರಟುಹೋಯಿತು. ಮರುದಿನ ತಂದದ್ದು ಶವವನ್ನು.

ಉತ್ತರಕ್ರಿಯೆಯ ಬೊಜ್ಜದ ಊಟವೆಲ್ಲ ಮುಗಿದ ಸಂಜೆ ಚಿಕ್ಕಮ್ಮನ ಜಗಲಿಯಲ್ಲಿ ಅಕ್ಕ, ಭಾವ ಸೇರಿ ನಾವೆಲ್ಲ ಕೂತಿದ್ದೆವು. ಎಷ್ಟೋ ವರ್ಷಗಳ ಮೇಲೆ ಅಪ್ಪ ಆ ಜಗಲಿ ಹತ್ತಿದ್ದರು, ಕಂಬಕ್ಕೊರಗಿ ಅಂಗಳ ನೋಡುತ್ತಿದ್ದರು. ಗಂಡನ ಅಣ್ಣನೊಡನೆ ನೇರ ಮಾತಾಡುವ ಕ್ರಮವಿಲ್ಲವಾದ್ದರಿಂದ ಚಿಕ್ಕಮ್ಮ ಅಮ್ಮನಿಗೆ ಹೇಳಿದಳು.

"ಅಕ್ಕಾ, ಒಂದು ಕೇಳ್ತೇನೆ, ಬೇಸರ ಮಾಡಬೇಡಿ. ಮೊದಲು ನೀವು ಟೀವಿ ಹಾಕಿದ್ರೆ ನಮ್ಮದರಲ್ಲಿ ಗೆರೆ ಬರ್ತಿತ್ತು. ಇವರು ಅದನ್ನು ಕಾದುಕೊಂಡು ಕೂತಿರ್ತಿದ್ರು. ಗೆರೆ ಕಂಡ ಮೇಲೆಯೇ, 'ಅಣ್ಣ ಬಂದು ಕೂತ್ರು, ಬಡಿಸು' ಅಂತ ಹೇಳುದು. ಆ ಹೊಸ ಪೆಟ್ಟಿಗೆ ಹಾಕಿದ ಮೇಲೆ ಗೆರೆ ಬರ್ಲಿಲ್ಲ. ಇಷ್ಟು ಸಂಬಂಧವೂ ಅಣ್ಣನಿಗೆ ಬೇಡ ಆಯ್ತು, ಅದಕ್ಕೇ ಕಡಿಸಿದ್ದು ಅಂತ ಇವರು ಟೀವಿ ಮುಟ್ಟುದೇ ಬಿಟ್ರು. ಹೌದಾ ಅಕ್ಕ, ಅದಕ್ಕೇ ಹಾಕಿಸಿದ್ದಾ?"

ಅಪ್ಪ ಭಾವನ ಕಡೆ ತಿರುಗಿದರು. "ಆ ಪೆಟ್ಟಿಗೆ ಎಂತಕ್ಕೆ ಇರುದು?" ಎಂದು ಕೇಳಿದರು.

ಭಾವನಿಗೆ ಸುಳ್ಳು ಹೇಳಲು ಬಾರದು. "ಒಂದು ಟೀವಿಯಿಂದ ಇನ್ನೊಂದಕ್ಕೆ ಉಪದ್ರ ಆಗಬಾರದು ಅಂತ ಮಾವ. ನೀವು ದಿನಾ ಹೇಳ್ತಿದ್ರಲ್ಲ."

ಅಪ್ಪ ಅಳುವುದನ್ನು ನಾನು ನೋಡಿದ್ದು ಆವತ್ತು. ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಂಡರು, ಭುಜಗಳು ಮಾತ್ರ ಅಲುಗುತ್ತಿದ್ದವು.

ಮರುದಿನ ಬೆಳಿಗ್ಗೆ ಅವರು ವಯರಿನ ಮೇಲಿದ್ದ ಬಟ್ಟೆಗಳನ್ನೆಲ್ಲ ತೆಗೆದು, ಮಡಚಿ, ಕಂಬದ ಗಂಟು ಬಿಚ್ಚಿ, ಮೊದಲಿದ್ದ ಹಾಗೆಯೇ ಕಟ್ಟಿಕೊಡು ಎಂದು ಭಾವನಿಗೆ ಹೇಳಿದರು. ಭಾವ ಎದುರಾಡದೆ ಪಾಗಾರದ ಬಳಿ ಹಳೆಯ ಗಂಟನ್ನೇ ಹಾಕಿ ಟೇಪು ಸುತ್ತಿದರು. ಚುಕ್ಕೆ ತುಂಬಿದ ಮಂಕು ಚಿತ್ರ ಬಂತು. ಅದನ್ನು ಅಪ್ಪ ಪ್ರತಿ ಸಂಜೆ ನೋಡಿದರು, ಗೆರೆ ಬರಲಿಲ್ಲ. ಆಚೆ ಮನೆಯಲ್ಲಿ ಟೀವಿಗೆ ಬಿಳಿ ಬಟ್ಟೆ ಹೊದಿಸಿ ಆಗಿತ್ತು, ಚಿಕ್ಕಮ್ಮ ಅದನ್ನು ಮತ್ತೆ ಹಚ್ಚಲಿಲ್ಲ. ಹಚ್ಚು ಎಂದು ಹೇಳಿ ಕಳಿಸೋಣವೆ ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ ಬೇಡವೆಂದರು. ಬಂದರೂ ಅದು ಅವನದ್ದಲ್ಲವಲ್ಲ ಎಂದರು. ಅಷ್ಟು ವರ್ಷಗಳಲ್ಲಿ ತಮ್ಮನನ್ನು 'ಅವನು' ಎಂದದ್ದು ಅದೇ ಮೊದಲು.

ಗೆಳೆಯರೇ, ನಾವು ಶುಭ್ರಗೊಳಿಸುವುದಕ್ಕೆ ಹೊರಟಾಗ ಏನನ್ನು ಒರೆಸುತ್ತೇವೆಂದು ಯಾರು ಬಲ್ಲರು? ಈಗ ನನ್ನ ಉಡುಪಿಯ ಮನೆಯ ಟೀವಿಯ ಚಿತ್ರ ನೀರಿನಷ್ಟು ತಿಳಿ. ಯಾರ ಗೆರೆಯೂ ಅದರ ಮೇಲೆ ಬೀಳುವುದಿಲ್ಲ. ಪಕ್ಕದ ಮನೆಯಲ್ಲಿ ಯಾರು ಕೂತರು, ಯಾರು ಏಳಲಾರದೆ ಮಲಗಿದರು, ನನಗೆ ತಿಳಿಯುವ ದಾರಿಯಿಲ್ಲ. ಒಮ್ಮೊಮ್ಮೆ ಈ ನಿರ್ಮಲತೆಯ ಎದುರು ಕೂತು ನನಗೆ ವಿನಾಕಾರಣ ಭಯವಾಗುತ್ತದೆ.

ಅಪ್ಪ ಹೋದ ಮೇಲೆ ವಯರು ಮತ್ತೆ ಬಟ್ಟೆಯ ಹಗ್ಗವಾಯಿತು. ಅಮ್ಮನೂ ಹೋದಳು. ಮುಚ್ಚಿದ ಮನೆಯ ಬೀಗ ತೆಗೆದು ಗುಡಿಸಲು ರಜೆಯಲ್ಲಿ ನಾನು ಕಾಪುವಿಗೆ ಹೋಗುತ್ತೇನೆ. ಹೋದವಳು ಮೊದಲು ಸ್ನಾನ ಮಾಡಿ, ಒಗೆದ ಸೀರೆಯನ್ನು ಆ ವಯರಿನ ಮೇಲೆ ಹರವುತ್ತೇನೆ. ಪಾಗಾರದಾಚೆ ಚಿಕ್ಕಮ್ಮ ತಲೆಯೆತ್ತಿ ನೋಡುತ್ತಾಳೆ. "ಬಂದದ್ದಾ ಮಗಾ?" ಎಂದು ಕೂಗುತ್ತಾಳೆ. ನಾನು ಈಚೆಯಿಂದಲೇ ಓ ಎನ್ನುವುದಿಲ್ಲ, ಕೈಯಲ್ಲಿರುವ ಬಕೆಟ್ಟನ್ನು ಅಲ್ಲೇ ಇಟ್ಟು ಪಾಗಾರ ಬಳಸಿ ಅವಳ ಜಗಲಿಗೆ ಹೋಗುತ್ತೇನೆ.